ತಲೆಯೊಳಗಿನ ನೆತ್ತರ ಬಳೆ

ಲಕ್ವ ಹೊಡೆಯುವುದಕ್ಕೆ ನಮ್ಮ ಗಡಿನಾಡಿನಲ್ಲಿ ಊರಿಗೊಂದು ಹೆಸರು. ಸೊಲ್ಲಾಪುರದ ಕಡೆ ಅರ್ಧಾಂಗವಾಯು, ಮಡಕಶಿರಾದಲ್ಲಿಯೂ ಕಾಸರಗೋಡಿನಲ್ಲಿಯೂ ಪಕ್ಷವಾತ, ಪುಸ್ತಕದ ಕನ್ನಡದಲ್ಲಿ ಪಾರ್ಶ್ವವಾಯು. ಎಲ್ಲ ಹೆಸರಿನಲ್ಲೂ ವಾಯುವಿದೆ. ಆದರೆ ತೊಂದರೆ ಇರುವುದು ಮಿದುಳಿನ ರಕ್ತನಾಳಗಳಲ್ಲಿ. ಇದನ್ನು ತಿಳಿಯಲು ಯುರೋಪಿನ ವೈದ್ಯರಿಗೂ ಬಹಳ ಕಾಲ ಹಿಡಿಯಿತು.

ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ದೊಡ್ಡ ಪಂಡಿತ. ಆಗ ಮನುಷ್ಯನ ಹೆಣ ಕೊಯ್ದು ನೋಡುವ ರೂಢಿ ಇರಲಿಲ್ಲ. ಆತ ಎತ್ತು, ಹಂದಿ, ಮಂಗಗಳನ್ನು ಕೊಯ್ದು ನೋಡಿದ. ಎತ್ತಿನ ಮಿದುಳಿನ ಅಡಿಯಲ್ಲಿ ಸಣ್ಣ ರಕ್ತನಾಳಗಳು ಮೀನಿನ ಬಲೆಯಂತೆ ಹೆಣೆದುಕೊಂಡಿರುವುದನ್ನು ಕಂಡು, ಮನುಷ್ಯನಲ್ಲೂ ಹೀಗೆಯೇ ಎಂದು ಬರೆದಿಟ್ಟ. ಮನುಷ್ಯನಲ್ಲಿ ಅಂಥ ಬಲೆಯೇ ಇಲ್ಲ! ಆದರೂ ಸಾವಿರದ ಮುನ್ನೂರು ವರ್ಷ ಪಾಠ ಅದೇ ನಡೆಯಿತು. 1521ರಲ್ಲಿ ಇಟಲಿಯ ಬೆರೆಂಗಾರಿಯೊ, ಎಷ್ಟು ಹುಡುಕಿದರೂ ಬಲೆ ಸಿಗಲಿಲ್ಲವೆಂದು ಬರೆದ. 1543ರಲ್ಲಿ ವೆಸಾಲಿಯಸ್ ಅದನ್ನು ಖಚಿತವಾಗಿ ನಿರಾಕರಿಸಿದ. ಅದಕ್ಕೂ ಮುಂಚೆ ಪಾಠ ಹೇಳುವಾಗ, ಇಲ್ಲದ ಬಲೆಯನ್ನು ತೋರಿಸಲು ತಾನೇ ಕುರಿಮರಿಯದೋ ಎತ್ತಿನದೋ ತಲೆಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆನೆಂದು ಒಪ್ಪಿಕೊಂಡ. ಗುರುವಿನ ಮಾತನ್ನು ಕಣ್ಣಿಗಿಂತ ಹೆಚ್ಚು ನಂಬಿದ್ದ ಕಾಲ ಅದು.

ಬಲೆ ಇಲ್ಲ, ಸರಿ. ಹಾಗಾದರೆ ಏನಿದೆ? ಇದನ್ನು ಚೆನ್ನಾಗಿ ವಿವರಿಸಿದವನು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ವೈದ್ಯ ಥಾಮಸ್ ವಿಲಿಸ್. 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಪುಸ್ತಕ ಬರೆದ. ಕೊಯ್ಯುವ ಕೆಲಸದಲ್ಲಿ ನೆರವಾದವನು ರಿಚರ್ಡ್ ಲೋವರ್. ಚಿತ್ರ ಬರೆದವನು, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿಸಿದ ಕ್ರಿಸ್ಟೋಫರ್ ರೆನ್.

ನಾಲ್ಕು ಕಾಲುವೆಗಳನ್ನು ನೆನೆಯಿರಿ. ಕೊರಳ ಮುಂಭಾಗದಲ್ಲಿ ಎರಡು, ಹಿಂದೆ ಕತ್ತಿನ ಮೂಳೆಗಳೊಳಗೆ ಏರುವ ಎರಡು. ನಾಲ್ಕೂ ಮಿದುಳಿನ ಬುಡದಲ್ಲಿ ಒಂದು ಬಳೆಯಾಗಿ ಕೂಡುತ್ತವೆ. ಅಲ್ಲಿಂದ ಕವಲೊಡೆದು ಮಿದುಳಿಗೆಲ್ಲ ರಕ್ತ ಹರಿಯುತ್ತದೆ. ಒಂದು ಕಡೆಯ ಕೊರಳ ನಾಳಕ್ಕೆ ಬಣ್ಣದ ನೀರು ತುಂಬಿದರೆ ಅದು ಇನ್ನೊಂದು ಕಡೆಯಲ್ಲೂ ಕಾಣಿಸಿಕೊಂಡಿತು. ಬಳೆಯನ್ನು ಮೊದಲು ಕಂಡವನು ವಿಲಿಸನೇ ಅಲ್ಲ. ಸ್ವಿಟ್ಜರ್ಲೆಂಡಿನ ವೆಪ್ಫರ್ 1658ರಲ್ಲೇ ಅದನ್ನು ವರ್ಣಿಸಿದ್ದ, ಮಿದುಳೊಳಗೆ ರಕ್ತ ಸೋರಿದರೆ ಆಘಾತವಾಗುತ್ತದೆಂದೂ ತೋರಿಸಿದ್ದ. ಆದರೆ ಬಳೆ ಏತಕ್ಕೆ ಎಂದು ಹೇಳಿದವನು ವಿಲಿಸ್. ಆತ ಪರೀಕ್ಷಿಸಿದ ಒಂದು ಹೆಣದಲ್ಲಿ ಬಲಗಡೆಯ ಕೊರಳ ನಾಳ ಕಲ್ಲಿನಂತೆ ಗಟ್ಟಿಯಾಗಿ ಮುಚ್ಚಿತ್ತು. ಬದುಕಿದ್ದಾಗ ಆ ಮನುಷ್ಯನಿಗೆ ಲಕ್ವ ಹೊಡೆದಿರಲಿಲ್ಲ. ಅದೇ ಕಡೆಯ ಹಿಂದಿನ ನಾಳ ಮೂರು ಪಟ್ಟು ದಪ್ಪವಾಗಿತ್ತು! ಒಂದು ತೂಬು ಕಟ್ಟಿದಾಗ ಇನ್ನೊಂದು ಕಾಲುವೆ ನೀರು ಕೊಟ್ಟಿತ್ತು.

ನಮ್ಮ ಮಿದುಳಿನ ತೂಕ ಸುಮಾರು 1,400 ಗ್ರಾಂ, ದೇಹದ ಐವತ್ತರಲ್ಲೊಂದು ಪಾಲು. ರಕ್ತದ ಪಾಲಿನಲ್ಲಿ ಮಾತ್ರ ಆರೇಳರಲ್ಲಿ ಒಂದನ್ನು ಅದೇ ಕೇಳುತ್ತದೆ. ಬಳೆ ಎಲ್ಲರಲ್ಲೂ ಪೂರ್ತಿ ಕೂಡಿರುವುದಿಲ್ಲ. ಬಹಳ ಜನರಲ್ಲಿ ಎಲ್ಲೋ ಒಂದು ಕಡೆ ಎಳೆ ಸಣ್ಣದು ಅಥವಾ ಇಲ್ಲವೇ ಇಲ್ಲ. ಬಳೆ ದಾಟಿದ ಕವಲು ಮುಚ್ಚಿಕೊಂಡರೆ ಈ ನೆರವು ಅಷ್ಟಾಗಿ ಸಿಗುವುದಿಲ್ಲ. ಗಂಟೆಗಟ್ಟಲೆ ಒಣಗಿದ ಭಾಗ ಮತ್ತೆ ಚಿಗುರದು.

ಈಗ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಸ್ಕ್ಯಾನ್ ಮಾಡಿ, ರಕ್ತ ಸೋರಿಲ್ಲವೆಂದು ನೋಡಿದ ಮೇಲೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಒಂದು ಕಡೆ ವಾಲಿದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಗಡಿಯ ಆಚೆಗೂ ಈಚೆಗೂ ಸಂಖ್ಯೆ ಅದೇ. ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.