ಹಳೆ ಸಾಮಾನು ಮಾರುವವರಿಗೆ ಆಗುವ ಆನ್‌ಲೈನ್ ವಂಚನೆ

ಬಳಸಿದ ಸಾಮಾನನ್ನು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ತಾಣಗಳಲ್ಲಿ ಮಾರಾಟಕ್ಕಿಟ್ಟವರನ್ನು ಕೊಳ್ಳುವವನ ಸೋಗಿನಲ್ಲಿ ಬಂದು ಮೋಸಗೊಳಿಸುವ ಅಪರಾಧವಿದು. ದುಡ್ಡು ಕೊಡುವವನು ಸಾಮಾನ್ಯವಾಗಿ ಎಚ್ಚರದಿಂದಿರುತ್ತಾನೆ. ದುಡ್ಡು ಬರಬೇಕಾದವನು ತನಗೇನು ನಷ್ಟವೆಂದು ನಿರಾಳವಾಗಿರುತ್ತಾನೆ. ವಂಚನೆ ನಿಂತಿರುವುದೇ ಈ ನಿರಾಳತೆಯ ಮೇಲೆ. ಇದಕ್ಕೆ ಆತುರವೂ ಸೇರಿದರೆ ಅಪಾಯ ಹೆಚ್ಚು. ಬೆಂಗಳೂರಿನ ಪೀಣ್ಯ, ರಾಮನಗರದ ಬಿಡದಿ, ಮಹಾರಾಷ್ಟ್ರದ ಬಿಡಕಿನ್‌ನಂಥ ಕೈಗಾರಿಕಾ ಪ್ರದೇಶಗಳ ನೌಕರರು ವರ್ಗವಾದಾಗ ಮಂಚ, ಫ್ರಿಜ್, ಬೈಕುಗಳನ್ನು ಕೆಲವೇ ದಿನಗಳಲ್ಲಿ ಸಾಗಹಾಕಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಕೇಳಿದ ಬೆಲೆಗೆ ಒಪ್ಪುವ ಗಿರಾಕಿ ಸಿಕ್ಕರೆ ಅನುಮಾನ ಹುಟ್ಟುವುದಿಲ್ಲ.

ಹುಟ್ಟಬೇಕಾದದ್ದು ಅಲ್ಲೇ. ಹಳೆ ಸಾಮಾನಿನ ನಿಜವಾದ ಗಿರಾಕಿ ಬಂದು ನೋಡುತ್ತಾನೆ, ತಟ್ಟಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ. ಮೋಸಗಾರ ಚೌಕಾಸಿಗೂ ಇಳಿಯುವುದಿಲ್ಲ, ಬಂದು ನೋಡುವುದೂ ಇಲ್ಲ. ತಾನು ಸೈನಿಕ, ಈಗಷ್ಟೇ ಈ ಊರಿಗೆ ಪೋಸ್ಟಿಂಗ್ ಆಗಿದೆ, ಸಾಮಾನು ಒಯ್ಯಲು ಗಾಡಿ ಕಳಿಸುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿಯ ಚಿತ್ರ ಕಳಿಸುತ್ತಾನೆ. ಬೆಳಗಾವಿ, ನಾಸಿಕ್ ಬಳಿಯ ದೇವಳಾಲಿ, ಛತ್ರಪತಿ ಸಂಭಾಜಿನಗರದಂಥ ದಂಡು ಪ್ರದೇಶವಿರುವ ಊರುಗಳಲ್ಲಿ ಈ ಮಾತು ಸಹಜವಾಗಿಯೇ ಕೇಳಿಸುತ್ತದೆ. ಸೇನೆಯ ಮೇಲೆ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಳ್ಳುವ ಈ ವೇಷ ಅತ್ಯಂತ ಹೇಯವಾದದ್ದು.

ಮುಂದಿನ ಹೆಜ್ಜೆ ಕ್ಯುಆರ್ ಕೋಡ್. ಖಾತೆ ಸರಿಯಿದೆಯೇ ನೋಡೋಣವೆಂದು ಮೊದಲು ಒಂದೋ ಹತ್ತೋ ರೂಪಾಯಿ ಹಾಕುತ್ತಾನೆ. ಅದು ನಿಜವಾಗಿಯೂ ಬರುತ್ತದೆ. ನಂಬಿಕೆ ಕುದುರಿದ ಮೇಲೆ ಪೂರ್ತಿ ಮೊತ್ತದ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಜಮೆಯಾಗುತ್ತದೆ ಎನ್ನುತ್ತಾನೆ. ಹಣ ಹೋದಾಗ ‘ತಪ್ಪಾಯಿತು, ವಾಪಸ್ ಹಾಕುತ್ತೇನೆ’ ಎಂದು ಇನ್ನೊಂದು ಕೋಡ್ ಕಳಿಸುತ್ತಾನೆ. 2021ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಸೋಫಾ ಮಾರಲು ಹೊರಟವರೊಬ್ಬರು ಹೀಗೆಯೇ ಮೊದಲು 20,000, ಬಳಿಕ 14,000 ರೂಪಾಯಿ ಕಳೆದುಕೊಂಡರು.

ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ತಂದ ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಮಾರುವವನು ತನ್ನ ಯುಪಿಐ ಐಡಿಯನ್ನೋ ತನ್ನದೇ ಕೋಡನ್ನೋ ಕೊಟ್ಟರೆ ಸಾಕು. ಎದುರಿನವನ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುವುದೆಂದರೆ ಹಣ ಕೊಡುವುದು. ವ್ಯಕ್ತಿಯಿಂದ ವ್ಯಕ್ತಿಗೆ ಹಣದ ಕೋರಿಕೆ ಕಳಿಸುವ ಸೌಲಭ್ಯವೂ ದುರ್ಬಳಕೆಯಾಗುತ್ತಿತ್ತು. 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲಾಯಿತು. ಕ್ಯುಆರ್ ದಾರಿ ಮಾತ್ರ ತೆರೆದೇ ಇದೆ.

ಇನ್ನು ಕೆಲವರು ಹಣ ಹಾಕದೆಯೇ ಹಾಕಿದಂತೆ ತೋರಿಸುತ್ತಾರೆ: ನಕಲಿ ಆ್ಯಪ್‌ನ ‘ಪಾವತಿ ಯಶಸ್ವಿ’ ಪರದೆ, ಬ್ಯಾಂಕಿನದೆಂಬಂತೆ ಬರೆದ ಎಸ್ಸೆಮ್ಮೆಸ್. ಹೆಚ್ಚು ಹೋಯಿತು, ಮಿಕ್ಕಿದ್ದು ವಾಪಸ್ ಕೊಡಿ ಎಂಬ ಬೇಡಿಕೆ ಇದರ ಮುಂದುವರಿಕೆ. ತನ್ನ ಖಾತೆಯ ಬಾಕಿಯನ್ನು ತಾನೇ ನೋಡುವವರೆಗೆ ಸಾಮಾನು ಕೈಬಿಡಬಾರದು. ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಗಟ್ಟಲೆ ಕೊಡುವುದಾಗಿ ಹೇಳಿ ಕಮಿಷನ್, ತೆರಿಗೆ ಎಂದು ಮುಂಗಡ ಕೇಳುವವರೂ ಇದ್ದಾರೆ. ತನ್ನ ಹೆಸರಿನಲ್ಲಿ ಹೀಗೆ ಹಣ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು.

ವಾಹನದ ಮಾರಾಟದಲ್ಲಿ ಟೆಸ್ಟ್ ರೈಡ್‌ಗೆಂದು ಒಯ್ದವನು ಮರಳದಿರುವುದು ಒಂದು ಮೋಸ. ಹಣ ಕೊಟ್ಟು ಆರ್‌ಸಿ ವರ್ಗಾಯಿಸಿಕೊಳ್ಳದೆ ಓಡಾಡುವುದು ಅದಕ್ಕಿಂತ ದೀರ್ಘಕಾಲ ಕಾಡುವಂಥದ್ದು. ನೋಂದಣಿಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು.

ಹಣ ಹೋದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಸಾಗುವುದರಿಂದ, ತೆಗೆಯುವ ಮುನ್ನವೇ ತಡೆಹಿಡಿಯಲು ಮೊದಲ ಕೆಲವು ತಾಸುಗಳೇ ಮುಖ್ಯ. ನಾಚಿಕೆಯಿಂದ ದೂರು ತಡಮಾಡಿದವರಿಗೆ ಈ ಅವಕಾಶ ತಪ್ಪುತ್ತದೆ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳು ಇಂಥ ದೂರು ಪಡೆಯುತ್ತವೆ. ರಿಸರ್ವ್ ಬ್ಯಾಂಕಿನ 2017ರ ನಿಯಮವು ಗ್ರಾಹಕನ ಒಪ್ಪಿಗೆಯಿಲ್ಲದ ವಹಿವಾಟಿಗೆ ರಕ್ಷಣೆ ಕೊಡುತ್ತದೆ. ತಾನೇ ಪಿನ್ ಒತ್ತಿದವರಿಗೆ ಅದರಡಿ ಪರಿಹಾರ ಸಿಗುವುದು ಕಷ್ಟ. ಸೋಗು ಹಾಕಿ ಆನ್‌ಲೈನ್‌ನಲ್ಲಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ವಿಧಿಯಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.