ನಾಯಿಯ ನಾಲಗೆಯೂ ನಾಯಿಯ ಗಾಯವೂ

ಗ್ರೀಸ್ ದೇಶದ ಎಪಿಡಾರಸ್ ಎಂಬಲ್ಲಿ, ವೈದ್ಯದೇವತೆಯಾದ ಅಸ್ಕ್ಲೀಪಿಯಸ್ಸನ ಆಲಯದ ಆವರಣದೊಳಗೆ, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲುಗಳ ಮೇಲೆ, ಅಲ್ಲಿಗೆ ಬಂದು ರೋಗಮುಕ್ತರಾದವರ ವೃತ್ತಾಂತಗಳನ್ನು ಒಂದೊಂದಾಗಿ ಕೆತ್ತಿದ್ದಾರೆ. ಅವುಗಳಲ್ಲಿ ಒಂದು ಈಜೀನಾ ದ್ವೀಪದ ಬಾಲಕನೊಬ್ಬನದು. ಅವನ ಕೊರಳಿನಲ್ಲಿ ಗಡ್ಡೆಯೊಂದು ಬೆಳೆದಿದ್ದಿತು. ದೇವಾಲಯದ ನಾಯಿಗಳಲ್ಲೊಂದು, ಅವನು ಎಚ್ಚರವಾಗಿದ್ದಾಗಲೇ, ಅದನ್ನು ನಾಲಗೆಯಿಂದ ನೆಕ್ಕಿ ಗುಣಪಡಿಸಿತೆಂದು ಆ ಶಾಸನ ಹೇಳುತ್ತದೆ. ನಾಯಿಯ ನಾಲಗೆಯಲ್ಲಿ ಔಷಧವುಂಟೆಂಬ ಈ ನಂಬಿಕೆ ಗ್ರೀಕರೊಡನೆ ಅಳಿದುಹೋಗಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಪ್ಲೇಗಿನ ಹುಣ್ಣನ್ನು ನಾಯಿ ನೆಕ್ಕಿ ವಾಸಿಮಾಡಿತೆಂಬ ಕಥೆಯುಳ್ಳ ಸಂತ ರೋಕನ ಚಿತ್ರವನ್ನು ಬರೆದವರು ಸಾಮಾನ್ಯವಾಗಿ ಅವನ ಪಕ್ಕದಲ್ಲಿ ಒಂದು ನಾಯಿಯನ್ನೂ ಬರೆಯುತ್ತಿದ್ದರು; ನಾಯಿ ತನ್ನ ಗಾಯವನ್ನು ತಾನೇ ನೆಕ್ಕಿ ವಾಸಿಮಾಡಿಕೊಳ್ಳುತ್ತದೆಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಬಹುದು. ಮನುಷ್ಯನ ಗಡ್ಡೆಗೆ ನಾಯಿಯು ಚಿಕಿತ್ಸೆ ಮಾಡಿತೆಂಬ ಕಥೆ ಹೀಗೆ ಇಪ್ಪತ್ತಮೂರು ಶತಮಾನಗಳಷ್ಟು ಹಳೆಯದು. ನಾಯಿಯ ಗಡ್ಡೆಗೆ ಮನುಷ್ಯನು ಕ್ರಮವರಿತು ಚಿಕಿತ್ಸೆ ಮಾಡತೊಡಗಿದ್ದಾದರೋ ತೀರ ಈಚೆಗೆ. ಹಾಗೆ ತೊಡಗಿದೊಡನೆ ಅವನಿಗೆ ಎದುರಾದ ವಿಘ್ನಗಳಲ್ಲಿ ಆ ನಾಲಗೆಯೇ ಮುಖ್ಯವಾದುದು.

ಪ್ರಾಣಿಗಳಿಗೆ ವೈದ್ಯ ಬೇಕೆಂಬ ಭಾವನೆ ನಮ್ಮ ದೇಶಕ್ಕೆ ಹೊಸತಲ್ಲ. ಅಶೋಕನು ಗಿರ್ನಾರಿನ ಬಂಡೆಯ ಎರಡನೆಯ ಶಾಸನದಲ್ಲಿ ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡು ಬಗೆಯ ಚಿಕಿತ್ಸೆಗಳನ್ನೂ ಏರ್ಪಡಿಸಿ, ಎರಡಕ್ಕೂ ಬೇಕಾದ ಮೂಲಿಕೆಗಳು ಇಲ್ಲದ ಕಡೆ ಅವುಗಳನ್ನು ತರಿಸಿ ನೆಡಿಸಿದುದನ್ನು ಹೇಳಿಕೊಂಡಿದ್ದಾನೆ. ಅಶ್ವವೈದ್ಯಕ್ಕೆ ಶಾಲಿಹೋತ್ರನ ಹೆಸರು, ಗಜವೈದ್ಯಕ್ಕೆ ಪಾಲಕಾಪ್ಯನ ಹೆಸರು ನಿಂತಿವೆ. ಕನ್ನಡದಲ್ಲಿಯೂ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಕುದುರೆಗಳ ವಿಷಯದಲ್ಲಿ ಅಭಿನವಚಂದ್ರನ ‘ಅಶ್ವಶಾಸ್ತ್ರ’ವೂ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ವೂ ಹುಟ್ಟಿದವು. ಆನೆ ಸೈನ್ಯದ ಬಲ, ಕುದುರೆ ಅರಸನ ವಾಹನ, ಗೋವು ಒಕ್ಕಲಿಗನ ಸರ್ವಸ್ವ. ಆದುದರಿಂದ ಅವುಗಳ ದೇಹಸ್ಥಿತಿ ರಾಜ್ಯದ ಚಿಂತೆಯಾಯಿತು. ನಾಯಿಗೆ ಆ ಭಾಗ್ಯವಿರಲಿಲ್ಲ. ಇವುಗಳಿಗೆ ಸರಿಗಟ್ಟುವ ಕೀರ್ತಿಯನ್ನು ಪಡೆದ ಶ್ವಾನವೈದ್ಯಗ್ರಂಥ ಯಾವುದೂ ನಮ್ಮ ಸಂಪ್ರದಾಯದಲ್ಲಿ ಕಾಣಬರುವುದಿಲ್ಲ.

ನಾಯಿಯನ್ನು ನಮ್ಮವರು ಪ್ರೀತಿಸಲಿಲ್ಲವೆಂದು ಇದರಿಂದ ತಿಳಿಯಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಕವರ್ಷ 872ರ, ಎಂದರೆ ಕ್ರಿಸ್ತಶಕ 949–50ರ ಶಾಸನವು ಇದಕ್ಕೆ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರೊಡನೆ ಹೋರಿ ಗೆದ್ದ ಕಾಲದಲ್ಲಿ, ಬೂತುಗನ ಭಟನಾದ ಮಣಲೆರನು ತನ್ನ ಶೌರ್ಯಕ್ಕೆ ಪ್ರತಿಫಲವಾಗಿ ಹೊನ್ನನ್ನು ಬೇಡದೆ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು; ಅದು ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ, ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಎಂದರೆ ಅಲ್ಲಿಯ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದೂ ವಿಧಿಸಿದ್ದಾರೆ. ಸತ್ತ ನಾಯಿಗೆ ಕಲ್ಲು ನಿಲ್ಲಿಸಿ ಪೂಜೆ ಸಲ್ಲಿಸಿದ ನಾಡು ನಮ್ಮದು. ಗಾಯಗೊಂಡ ನಾಯಿಯನ್ನು ಯಾರು ಹೇಗೆ ಉಪಚರಿಸುತ್ತಿದ್ದರೆಂಬುದನ್ನು ಮಾತ್ರ ಕಲ್ಲಿನ ಮೇಲೆ ಯಾರೂ ಬರೆಯಿಸಲಿಲ್ಲ.

ಗಡ್ಡೆಯ ವಿಚಾರದಲ್ಲಿಯಾದರೋ, ಮನುಷ್ಯರಿಗಾಗಿ ಬರೆದ ನಮ್ಮ ಶಸ್ತ್ರಶಾಸ್ತ್ರ ಬಹು ಮುಂದುವರಿದಿದ್ದಿತು. ಸುಶ್ರುತಸಂಹಿತೆಯಲ್ಲಿ ಗ್ರಂಥಿ, ಅರ್ಬುದಗಳ ಭೇದಗಳೂ ಅವನ್ನು ಛೇದಿಸುವ ವಿಧಾನವೂ ಹೇಳಲ್ಪಟ್ಟಿವೆ; ದೋಷವನ್ನು ಸ್ವಲ್ಪ ಉಳಿಸಿದರೂ ಅರ್ಬುದವು ಬೇಗನೆ ಮರಳಿ ಹುಟ್ಟುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಶಸ್ತ್ರವೈದ್ಯನು ನಾಯಿಯ ಗಡ್ಡೆಯ ಸುತ್ತ ಆರೋಗ್ಯವಾದ ಮಾಂಸವನ್ನೂ ಒಂದಿಷ್ಟು ಸೇರಿಸಿಯೇ ಕತ್ತರಿಸುವುದು ಈ ಭಯದಿಂದಲೇ.

ನಾಯಿಯ ಶುಶ್ರೂಷೆಗೆ ಯೂರೋಪಿನಲ್ಲಿ ಮೊದಲು ಗೌರವವನ್ನು ತಂದುಕೊಟ್ಟವರು ಬೇಟೆಗಾರರು. ಫ್ರಾನ್ಸಿನ ದಕ್ಷಿಣಭಾಗದ ಫ್ವಾ ಪ್ರಾಂತದ ಪ್ರಭು ಗಾಸ್ತೋನ್ ಫೇಬ್ಯುಸನು 1387ರಲ್ಲಿ ಬರೆಯತೊಡಗಿದ ಬೇಟೆಯ ಗ್ರಂಥದಲ್ಲಿ ನಾಯಿಮನೆಯ ವ್ಯವಸ್ಥೆಗೇ ಸಾಕಷ್ಟು ಸ್ಥಳವನ್ನು ಮೀಸಲಿಟ್ಟಿದ್ದಾನೆ: ಹುಲ್ಲಿನ ಹಾಸಿಗೆಯನ್ನು ಬದಲಾಯಿಸಬೇಕು, ನೀರು ಶುದ್ಧವಾಗಿರಬೇಕು, ರಾತ್ರಿಯೂ ನಾಯಿಗಳೊಡನೆ ಹುಡುಗನೊಬ್ಬನು ಮಲಗಬೇಕು. ಪ್ಯಾರಿಸ್ಸಿನಲ್ಲಿ ಉಳಿದುಬಂದಿರುವ ಅದರ ಸಚಿತ್ರ ಪ್ರತಿಯೊಂದರಲ್ಲಿ, ಸೇವಕರು ನಾಯಿಗಳ ಪಾದಗಳನ್ನು ತೊಳೆಯುವ, ಬಾಯಿಯನ್ನು ಪರೀಕ್ಷಿಸುವ, ಮೈಗೆ ಲೇಪವನ್ನು ಹಚ್ಚುವ ದೃಶ್ಯವಿದೆ. ಚಿತ್ರವನ್ನು ನೋಡಿದವರಿಗೆ ವೈದ್ಯನಾರು, ಆಳು ಯಾರು ಎಂಬುದು ತಿಳಿಯುವುದಿಲ್ಲ. ಶ್ವಾನವೈದ್ಯದ ಇತಿಹಾಸದಲ್ಲಿ ಬಹುಕಾಲ ಇವರಿಬ್ಬರೂ ಒಬ್ಬನೇ ಆಗಿದ್ದರು. ಹೆಸರಿಲ್ಲದ ಆ ಹುಡುಗನನ್ನೇ ಇಂದಿನ ಶುಶ್ರೂಷಕರ ಮೂಲಪುರುಷನೆಂದು ನಾನು ಎಣಿಸುತ್ತೇನೆ.

ಪಶುವೈದ್ಯಶಾಲೆಗಳು ಹುಟ್ಟಿದ ಮೇಲೂ ನಾಯಿಯ ಸ್ಥಾನ ಬೇಗ ಏರಲಿಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ 1761ರಲ್ಲಿ ಅಪ್ಪಣೆ ಪಡೆದು ತೆರೆದ ಶಾಲೆಯ ಹಿಂದೆ ಇದ್ದುದು ದನಗಳ ದೊಡ್ಡರೋಗದ ಹಾವಳಿ. 1791ರಲ್ಲಿ ಸ್ಥಾಪಿತವಾದ ಲಂಡನ್ನಿನ ಪಶುವೈದ್ಯ ಕಾಲೇಜಿನಲ್ಲಿ ಕುದುರೆಯೇ ಪಾಠ, ಕುದುರೆಯೇ ಪರೀಕ್ಷೆ. ನಾಯಿಗಳಿಗೆ ಮದ್ದು ಕೊಡುವುದು ಗೌರವಸ್ಥನಿಗೆ ತಕ್ಕುದಲ್ಲವೆಂಬ ಮನೋಭಾವ ಬಲವಾಗಿದ್ದ ಆ ಕಾಲದಲ್ಲಿ ಡೆಲಾಬೀರ್ ಬ್ಲೇನನು 1817ರಲ್ಲಿ ಶ್ವಾನರೋಗಗಳ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಧರ್ಮಬೋಧಕನಾಗಲೆಂದು ಓದಿ, ಆ ದಾರಿಯನ್ನು ಬಿಟ್ಟು ಬ್ಲೇನನ ಜೊತೆಗಾರನಾದ ವಿಲಿಯಂ ಯೂಅಟ್ಟನು 1845ರಲ್ಲಿ ನಾಯಿಯ ಕುರಿತು ಬರೆದ ಪುಸ್ತಕವೂ ಬಹುಜನರ ಕೈಸೇರಿತು. ಆದರೆ ಇವರ ಕಾಲದ ಶಸ್ತ್ರಕ್ರಿಯೆಯೆಂದರೆ ಬಾಯನ್ನು ಕಟ್ಟಿ, ಕಾಲುಗಳನ್ನು ಬಿಗಿದು, ಬಲವಾಗಿ ಹಿಡಿದುಕೊಂಡು, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಮುಗಿಸತಕ್ಕ ಕೆಲಸ. ಚರ್ಮದಡಿಯ ಸಣ್ಣ ಗಂಟನ್ನು ಹಾಗೆ ತೆಗೆಯಬಹುದಾಗಿತ್ತು, ಹೊಟ್ಟೆಯೊಳಗಿನದನ್ನು ಮುಟ್ಟುವಂತಿರಲಿಲ್ಲ.

1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ರೋಗಿಯ ಪ್ರಜ್ಞೆ ತಪ್ಪಿಸುವ ಈಥರಿನ ಪ್ರಯೋಗ ಪ್ರಸಿದ್ಧವಾದುದೂ, ಮರುವರ್ಷ ವೈದ್ಯ ಸಿಂಪ್ಸನ್ನನು ಕ್ಲೋರೋಫಾರಮ್ಮನ್ನು ಬಳಕೆಗೆ ತಂದುದೂ ಮನುಷ್ಯವೈದ್ಯದ ಚರಿತ್ರೆಯಲ್ಲಿ ದೊಡ್ಡ ಘಟನೆಗಳು. ನಾಯಿಗೆ ಅವುಗಳ ಫಲ ದೊರೆಯಲು ಇನ್ನಷ್ಟು ಕಾಲ ಹಿಡಿಯಿತು. ಕ್ಲೋರೋಫಾರಂ ನಾಯಿಯ ಹೃದಯಕ್ಕೆ ಆಗದೆಂಬ ಅಭಿಪ್ರಾಯ ಬೇರೂರಿದ್ದಾಗ, ಎಚ್ಚರದಿಂದ ಅಳೆದು ಕೊಟ್ಟರೆ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದೆಂದು ತೋರಿಸಿದವರಲ್ಲಿ ಲಂಡನ್ನಿನ ಫ್ರೆಡರಿಕ್ ಹಾಬ್ಡೆ ಪ್ರಮುಖನು. ನಾಯಿ ಬೆಕ್ಕುಗಳ ಶಸ್ತ್ರವೈದ್ಯವನ್ನು ಕುರಿತ ಅವನ ಗ್ರಂಥ 1900ರಲ್ಲಿ ಹೊರಬಂದಿತು. ಕೆಲವು ಶಸ್ತ್ರಕ್ರಿಯೆಗಳನ್ನು ಪ್ರಾಣಿಗೆ ಪ್ರಜ್ಞೆ ತಪ್ಪಿಸದೆ ಮಾಡಕೂಡದೆಂದು ಬ್ರಿಟನ್ನಿನಲ್ಲಿ ಕಾನೂನಾದುದು 1919ರಲ್ಲಿ. ಮನುಷ್ಯನಿಗೆ ಈಥರ್ ದೊರೆತುದಕ್ಕೂ ನಾಯಿಗೆ ಕಾನೂನಿನ ಈ ರಕ್ಷೆ ದೊರೆತುದಕ್ಕೂ ನಡುವೆ ಎಪ್ಪತ್ತಕ್ಕೂ ಮಿಕ್ಕ ವರ್ಷಗಳ ಅಂತರ!

ಎರಡನೆಯ ಸಹಾಯ ಶಸ್ತ್ರವೈದ್ಯ ಲಿಸ್ಟರನಿಂದ ಬಂದಿತು. 1867ರಲ್ಲಿ ಆತನು ಕಾರ್ಬಾಲಿಕ್ ಆಮ್ಲದಿಂದ ವ್ರಣದ ಕೊಳೆತವನ್ನು ತಡೆಯುವ ಕ್ರಮವನ್ನು ಪ್ರಕಟಿಸಿದನು. ಮನುಷ್ಯರೋಗಿಯ ವಿಷಯದಲ್ಲಿ ಇದು ಜೀವರಕ್ಷಕ. ನಾಯಿಯ ವಿಷಯದಲ್ಲಿ ಹೊಸದೊಂದು ತೊಡಕು. ಗಾಯದ ಮೇಲೆ ಏನನ್ನು ಹಚ್ಚಿದರೂ ನಾಯಿ ನೆಕ್ಕುತ್ತದೆ; ಕಾರ್ಬಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ವಿಷ, ಅದರ ಬಳಿಕ ಬಂದ ಅಯೋಡೋಫಾರಮ್ಮೂ ವಿಷವೇ. ಗಾಯವನ್ನು ಕಾಪಾಡುವ ಮದ್ದೇ ಪ್ರಾಣಿಯನ್ನು ಕೊಲ್ಲಬಲ್ಲುದಾಗಿ, ಬಟ್ಟೆಯ ಕಟ್ಟುಗಳೂ ಮುಸುಕುಗಳೂ ಕೊರಳಿಗೆ ಹಾಕುವ ಬಗೆಬಗೆಯ ತಡೆಗಳೂ ಬೇಕಾದವು. ಆಲಿಕೆಯಂತೆ ಮುಖವನ್ನು ಸುತ್ತುವರಿಯುವ ಈಗಿನ ಪ್ಲಾಸ್ಟಿಕ್ ಕಾಲರು, ನಮ್ಮ ಪಶುವೈದ್ಯರು ‘ಕೋನ್’ ಎನ್ನುವ ವಸ್ತು, ಆ ತಡೆಗಳ ಸಂತತಿಗೆ ಸೇರಿದುದು. ಅದನ್ನು ಕಂಡರೆ ನಗುವವರು ಬಹಳ. ಆದರೆ ಹೊಲಿಗೆ ಉಳಿಯುವುದೂ ಬಿಚ್ಚಿಹೋಗುವುದೂ ಎಷ್ಟೋ ವೇಳೆ ಅದರ ಮೇಲೆಯೇ ನಿಂತಿರುತ್ತದೆ. ಎಪಿಡಾರಸ್ಸಿನವರ ನಂಬಿಕೆ ಕೇವಲ ಭ್ರಮೆಯೆಂದೂ ಹೇಳಲಾಗದು. 1990ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ನಾಯಿಯ ಜೊಲ್ಲಿಗೆ ಕೆಲವು ಬ್ಯಾಕ್ಟೀರಿಯಗಳನ್ನು ಕೊಲ್ಲುವ ಅಲ್ಪಶಕ್ತಿಯುಂಟೆಂದು ಕಂಡರು. ಆದರೆ ಅದೇ ಬಾಯಿಯಲ್ಲಿ ಬೇರೆ ರೋಗಾಣುಗಳೂ ಉಂಟು. ಅದಲ್ಲದೆ ದಾರವನ್ನು ಹಿಡಿದು ಎಳೆಯುವ ಹಲ್ಲುಗಳು ನಾಲಗೆಯ ಹಿಂದೆಯೇ ಇವೆ.

ಅರ್ಬುದವಿದ್ಯೆ ನಾಯಿಗೆ ತೀರಿಸಬೇಕಾದ ಋಣವನ್ನು ಇಲ್ಲಿ ಒಂದು ಮಾತಿನಲ್ಲಿಯಾದರೂ ನೆನೆಯಬೇಕು. 1876ರಲ್ಲಿ ರಷ್ಯದ ಪಶುವೈದ್ಯ ನೊವಿನ್ಸ್ಕಿಯು ಒಂದು ನಾಯಿಯ ಗಡ್ಡೆಯ ತುಣುಕನ್ನು ಮತ್ತೊಂದು ನಾಯಿಗೆ ನಾಟಿಮಾಡಿ ಬೆಳೆಯಿಸಿದನು. ಸಂಗಮದಿಂದ ನಾಯಿಯಿಂದ ನಾಯಿಗೆ ಹರಡುವ ಆ ವಿಚಿತ್ರ ಗಡ್ಡೆ ನಮ್ಮ ಬೀದಿನಾಯಿಗಳಲ್ಲಿ ಇಂದಿಗೂ ಸಾಮಾನ್ಯ. ಅದಕ್ಕೆ ಕತ್ತಿಗಿಂತ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದೇ ಹೆಚ್ಚು ಫಲಕಾರಿ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರುಗಾಡಿಗಳು ಬಂದು ನಗರದ ಕುದುರೆಗಳು ಮರೆಯಾದುವು. ಕುದುರೆ ವೈದ್ಯರ ಮುಂದೆ ನಾಯಿ ಬಂದು ನಿಂತಿತು. ಬಾಸ್ಟನ್ನಿನ ಏಂಜೆಲ್ ಸ್ಮಾರಕ ಆಸ್ಪತ್ರೆ 1915ರಲ್ಲಿಯೂ, ಬಡವರ ಪ್ರಾಣಿಗಳಿಗಾಗಿ ಮರಿಯಾ ಡಿಕಿನ್ ಲಂಡನ್ನಿನಲ್ಲಿ ತೆರೆದ ಧರ್ಮಚಿಕಿತ್ಸಾಲಯ 1917ರಲ್ಲಿಯೂ ಪ್ರಾರಂಭವಾದುವು. ಶುಶ್ರೂಷೆಯೇ ಒಂದು ವಿದ್ಯೆಯೆಂದು ಒಪ್ಪಿ ಬ್ರಿಟನ್ನಿನಲ್ಲಿ ಪಶುಶುಶ್ರೂಷಕಿಯರ ಶಿಕ್ಷಣಕ್ರಮವನ್ನು ಏರ್ಪಡಿಸಿದ್ದು 1961ರಲ್ಲಿ. ನಮ್ಮಲ್ಲಿ ಮುಂಬಯಿಯ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆಯೂ ಅದಕ್ಕೆ ಹೊಂದಿಕೊಂಡು 1886ರಲ್ಲಿ ತೆರೆದ ಕಾಲೇಜೂ ಮೊದಲಿನವುಗಳಲ್ಲಿ ಸೇರಿದುವು. ಮದರಾಸಿನದು 1903ರಲ್ಲಿ, ಬೆಂಗಳೂರಿನ ಹೆಬ್ಬಾಳದ್ದು 1958ರಲ್ಲಿ. ಇಷ್ಟಾದರೂ ಕನ್ನಡನಾಡಿನ ಸಣ್ಣ ಊರುಗಳಲ್ಲಿ ನಾಯಿಯನ್ನು ಇಂದಿಗೂ ಕರೆದೊಯ್ಯುವುದು ‘ದನದ ಆಸ್ಪತ್ರೆ’ಗೆ, ತೋರಿಸುವುದು ‘ದನದ ಡಾಕ್ಟರಿಗೆ’.

ಅರಿವಳಿಕೆಯೂ ಕ್ರಿಮಿನಾಶಕವೂ ಪೆನಿಸಿಲಿನ್ನೂ ಬಂದ ಬಳಿಕವೂ ಒಂದು ಅನ್ಯಾಯ ಮಾತ್ರ ಬಹುಕಾಲ ಉಳಿಯಿತು. ಶಸ್ತ್ರಕ್ರಿಯೆಯ ಅನಂತರದ ನೋವು ನಾಯಿಯನ್ನು ಅಲುಗದಂತೆ ಮಲಗಿಸುತ್ತದೆ, ಆದುದರಿಂದ ಅದು ಒಳ್ಳೆಯದೇ ಎಂದು 1980ರ ದಶಕದವರೆಗೂ ಅನೇಕ ವೈದ್ಯರು ವಾದಿಸುತ್ತಿದ್ದರು. ನೊಂದ ಪ್ರಾಣಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ಗಾಯವನ್ನು ಕಚ್ಚಿ ಕೆದಕುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಅದನ್ನು ಶಾಸ್ತ್ರ ಒಪ್ಪಲು ಇಷ್ಟು ಕಾಲ ಬೇಕಾದುದು ವಿದ್ವತ್ತಿಗೆ ಶೋಭೆಯಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಕಾರ್ಪ್ರೊಫೆನ್ ಮೊದಲಾದ ಮಾತ್ರೆಗಳು ನಾಯಿಗೆಂದೇ ಬಳಕೆಗೆ ಬಂದ ಮೇಲೆ, ಮನೆಯಲ್ಲಿಯೇ ನೋವನ್ನು ಶಮನಗೊಳಿಸುವುದು ಸಾಧ್ಯವಾಯಿತು. ಮನೆಯ ಕಪಾಟಿನಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ಕರುಣೆಯಿಂದ ಕೊಟ್ಟು ನಾಯಿಯ ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸಿದವರುಂಟು.

ಹೀಗೆ ಆಸ್ಪತ್ರೆ ಬೆಳೆದಷ್ಟೂ ಶುಶ್ರೂಷೆ ಮನೆಗೆ ಮರಳಿತೆಂಬುದು ಈ ಇತಿಹಾಸದ ಒಂದು ಕೌತುಕ. ಬೆಳಗ್ಗೆ ಗಡ್ಡೆಯನ್ನು ತೆಗೆದು ಸಂಜೆಗೆ ನಾಯಿಯನ್ನು ಒಪ್ಪಿಸುವ ಈ ಕಾಲದಲ್ಲಿ, ಫೇಬ್ಯುಸನ ಹುಡುಗನು ಮಾಡುತ್ತಿದ್ದ ಕೆಲಸ ಮನೆಯವರ ಪಾಲಿಗೆ ಬಂದಿದೆ. ಮೊದಲ ರಾತ್ರಿ ಅರಿವಳಿಕೆಯ ಶೇಷದಿಂದ ನಾಯಿ ನಡುಗಬಹುದು, ಕಾರಣವಿಲ್ಲದೆ ಕುಂಯ್‌ಗುಟ್ಟಬಹುದು. ನೆಲದ ಮೇಲೆ ಬೆಚ್ಚನೆಯ ಹಾಸು, ಸ್ವಲ್ಪ ನೀರು, ಹಗುರವಾದ ಒಂದು ತುತ್ತು, ಬಳಿಯಲ್ಲಿ ಪರಿಚಿತರೊಬ್ಬರು ಇಷ್ಟಿದ್ದರೆ ಸಾಕು. ಹೊಲಿಗೆಯನ್ನು ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಗಳ ಮೇಲೆ; ಅಲ್ಲಿಯವರೆಗೆ ಮೆಟ್ಟಿಲು, ಮಂಚ, ಓಟ, ಸ್ನಾನ ಯಾವುದೂ ಕೂಡದು, ಹೊರಗೆ ಹೋಗುವುದೂ ಗಿಡ್ಡ ಹಗ್ಗದಲ್ಲಿಯೇ. ಗಡ್ಡೆ ಇದ್ದ ಪೊಳ್ಳಿನಲ್ಲಿ ತಿಳಿನೀರು ತುಂಬಿ ಮೆತ್ತಗೆ ಊದಿಕೊಳ್ಳುವುದುಂಟು. ಅದನ್ನು ಮನೆಯಲ್ಲಿ ಚುಚ್ಚಬಾರದು, ವೈದ್ಯರಿಗೆ ತೋರಿಸಬೇಕು. ನಮ್ಮ ಮನೆಗಳಲ್ಲಿ ಗಾಯ ಕಂಡೊಡನೆ ಅರಿಸಿನವನ್ನೂ ಕೊಬ್ಬರಿ ಎಣ್ಣೆಯನ್ನೂ ಹಚ್ಚುವ ವಾಡಿಕೆ ಹಳೆಯದು. ಹೊಲಿದ ಗಾಯಕ್ಕೆ ಅವುಗಳ ಅಗತ್ಯವಿಲ್ಲ, ಎಣ್ಣೆಯ ರುಚಿ ನಾಲಗೆಯನ್ನು ಮತ್ತಷ್ಟು ಕರೆಯುತ್ತದೆ.

ಗಾಯ ಮಾಗಿದರೂ ತೆಗೆದ ಗಡ್ಡೆ ಯಾವ ಬಗೆಯದೆಂಬ ಪ್ರಶ್ನೆ ಉಳಿಯುತ್ತದೆ. ಶ್ವಾನಾರ್ಬುದವನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿದ ತಲೆಮಾರು ಎರಡನೆಯ ಮಹಾಯುದ್ಧದ ಅನಂತರದ್ದು. ಪೆನ್ಸಿಲ್ವೇನಿಯದ ರಾಬರ್ಟ್ ಬ್ರೋಡಿ, 1979ರಲ್ಲಿ ಸಹೋದ್ಯೋಗಿಯೊಡನೆ ಪಶುಗಳ ಕ್ಯಾನ್ಸರನ್ನು ಕುರಿತ ಗ್ರಂಥವನ್ನು ಹೊರತಂದ ಕ್ಯಾಲಿಫೋರ್ನಿಯದ ಗಾರ್ಡನ್ ಥೀಲನ್ ಇವರಲ್ಲಿ ಮುಖ್ಯರು. ಮೊದಲ ಬೆದೆಗೆ ಮುಂಚೆಯೇ ಸಂತಾನಹರಣ ಮಾಡಿದ ಹೆಣ್ಣುನಾಯಿಗಳಲ್ಲಿ ಮೊಲೆಯ ಗಡ್ಡೆಯ ಅಪಾಯ, ಮಾಡದಿರುವವುಗಳ ಅಪಾಯದ ನೂರರಲ್ಲಿ ಅರ್ಧ ಪಾಲಿಗೆ ಇಳಿಯುತ್ತದೆಂದೂ, ಒಂದು ಬೆದೆಯಾದ ಮೇಲೆ ಮಾಡಿದರೆ ಅದು 8 ಪಾಲು, ಎರಡಾದ ಮೇಲೆ 26 ಪಾಲು ಎಂದೂ ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಈ ಲೆಕ್ಕದ ಬಲವನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೂ ವೈದ್ಯರ ಸಲಹೆಗೆ ಅದೇ ಬಹುಕಾಲ ಆಧಾರವಾಗಿದ್ದಿತು. ಅಂತಹ ಗಡ್ಡೆಗಳಲ್ಲಿ ಸುಮಾರು ಅರ್ಧ ಸಾಧುವಾದುವು, ಉಳಿದರ್ಧ ಮಾರಕವಾದುವು. ಎರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಪರಿಣತನಿಗೂ ಸಾಧ್ಯವಿಲ್ಲ.

ಆದುದರಿಂದ ನಾಯಿಯನ್ನು ಸಾಕಿದವರಲ್ಲಿ ಒಂದು ವಿಜ್ಞಾಪನೆ. ತೆಗೆದ ಗಡ್ಡೆಯನ್ನು ಕಸಕ್ಕೆ ಹಾಕಲು ಬಿಡಬೇಡಿ. ಫಾರ್ಮಲಿನ್ ದ್ರವದಲ್ಲಿಟ್ಟು ಪರೀಕ್ಷಾಲಯಕ್ಕೆ ಕಳುಹಿಸುವಂತೆ ವೈದ್ಯರನ್ನು ಕೇಳಿಕೊಳ್ಳಿ, ಅದರ ಖರ್ಚನ್ನು ಶಸ್ತ್ರಕ್ರಿಯೆಯ ಖರ್ಚಿನಲ್ಲಿಯೇ ಸೇರಿಸಿ ಎಣಿಸಿರಿ, ಮತ್ತು ವರದಿ ಬಂದಾಗ ಗಡ್ಡೆಯ ಹೆಸರನ್ನಲ್ಲದೆ ಅದರ ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿರಿ.