ಸಂಬಳದ ಚೀಟಿಯಲ್ಲಿ ಸೈಕಲ್ ಸವಾರಿ



ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ಮಗಳೋ, ಅಕ್ಕನ ಮಗನೋ ಫೋನು ಮಾಡಿ, "ಆಫೀಸಿನ ಕಡೆಯಿಂದ ಸೈಕಲ್ ತೊಗೊಂಡೆ, ತಿಂಗಳು ತಿಂಗಳೂ ಸಂಬಳದಲ್ಲಿ ಹಿಡ್ಕೋತಾರೆ" ಎಂದರೆ ನಿಮಗೆ ಹೇಗನ್ನಿಸೀತು? ಅಷ್ಟು ಓದಿ, ಅಷ್ಟು ದೂರ ಹೋಗಿ, ಕೊನೆಗೆ ಸೈಕಲ್ಲೇ ಎಂದು ನಗಬೇಡಿ. ಅಲ್ಲಿ ಅದಕ್ಕೊಂದು ಸರ್ಕಾರಿ ಯೋಜನೆಯೇ ಇದೆ. ಹೆಸರು 'ಸೈಕಲ್ ಟು ವರ್ಕ್'. ಅದು ನಡೆಯುವ ರೀತಿಗೆ 'ಸ್ಯಾಲರಿ ಸ್ಯಾಕ್ರಿಫೈಸ್' ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಸಂಬಳದ ತ್ಯಾಗ! ಗಾಬರಿ ಬೇಡ, ಇದು ಲಾಭ ತರುವ ತ್ಯಾಗ. ಆದರೆ ಲಾಭ ಯಾರಿಗೆ, ಎಷ್ಟು ಎಂದು ಕೇಳುತ್ತಾ ಹೋದರೆ ಸುಮಾರು ಇನ್ನೂರು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ. ಬನ್ನಿ, ಆ ಕಥೆಯನ್ನು ಮೊದಲಿನಿಂದ ನೋಡೋಣ.

ಹತ್ತೊಂಬತ್ತನೇ ಶತಮಾನದ ಮೊದಲ ಭಾಗ. ಬ್ರಿಟನ್ನಿನ ಎಷ್ಟೋ ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ಕೂಲಿಯನ್ನು ಹಣದಲ್ಲಿ ಕೊಡುತ್ತಿರಲಿಲ್ಲ. ಕೊಡುತ್ತಿದ್ದದ್ದು ಹಿಟ್ಟು, ಬಟ್ಟೆ, ಇಲ್ಲವೇ ಮಾಲೀಕನ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿ. ಆ ಅಂಗಡಿಯಲ್ಲಿ ಬೆಲೆ ಜಾಸ್ತಿ, ಮಾಲು ಕಳಪೆ. ಬೆವರು ಸುರಿಸಿದವನ ಕೈಗೆ ಕಾಸು ಬರುವ ಮೊದಲೇ ಅದು ಮಾಲೀಕನ ಗಲ್ಲಾಪೆಟ್ಟಿಗೆಗೆ ವಾಪಸ್ಸು! ಈ ಪದ್ಧತಿಗೆ 'ಟ್ರಕ್' ಎಂದು ಹೆಸರು. ನಮ್ಮ ಲಾರಿಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ಟ್ರಕ್ ಎಂದರೆ ವಿನಿಮಯ. 1831ರ ಟ್ರಕ್ ಕಾಯಿದೆ ಇದನ್ನು ತಡೆಯಿತು. ಕೂಲಿಯನ್ನು ದೇಶದಲ್ಲಿ ಚಲಾವಣೆಯಲ್ಲಿರುವ ನಾಣ್ಯದಲ್ಲೇ ಕೊಡಬೇಕು ಎಂದು ವಿಧಿಸಿತು. ಆರಂಭದಲ್ಲಿ ಕೆಲವೇ ಕಸುಬುಗಳಿಗಿದ್ದ ಈ ರಕ್ಷಣೆ 1887ರಲ್ಲಿ ಮೈಮುರಿದು ದುಡಿಯುವ ಇನ್ನೂ ಹೆಚ್ಚು ಜನರಿಗೆ ವಿಸ್ತರಿಸಿತು. ಈ ಕಾಯಿದೆಗಳು ರದ್ದಾದದ್ದು 1986ರ ವೇತನ ಕಾಯಿದೆಯಿಂದ. ಎಂದರೆ ಒಂದೂವರೆ ಶತಮಾನದ ಕಾಲ ಅಲ್ಲಿಯ ಕಾರ್ಮಿಕರಿಗೆ ಇದ್ದ ಆಸರೆ ಒಂದೇ ಮಾತು: ದುಡಿದದ್ದು ದುಡ್ಡಾಗಿಯೇ ಕೈಗೆ ಬರಬೇಕು.

ಈ ನಡುವೆ ಸೈಕಲ್ ಹುಟ್ಟಿತು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ 'ರೋವರ್' ಸೈಕಲ್ಲನ್ನು ತಂದ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮೊದಲು ಅನುಕೂಲಸ್ಥರ ಷೋಕಿಯಾಗಿದ್ದ ವಾಹನ ಬೆಲೆ ಇಳಿದಂತೆ, ಕಂತಿನಲ್ಲಿ ಸಿಗುವಂತಾದಾಗ ಕಾರ್ಮಿಕರ ಮನೆಯಂಗಳಕ್ಕೂ ಬಂತು. 1949ರಲ್ಲಿ ಬ್ರಿಟನ್ನಿನ ಜನ ಸೈಕಲ್ ಮೇಲೆ ಕ್ರಮಿಸಿದ ದೂರ ಸುಮಾರು 2,400 ಕೋಟಿ ಕಿಲೋಮೀಟರ್. ಆಮೇಲೆ ಕಾರು ಬಂತು, ಸೈಕಲ್ ಮೂಲೆಗೆ ಸರಿಯಿತು. 1973ರ ಹೊತ್ತಿಗೆ ಅದೇ ಲೆಕ್ಕ 400 ಕೋಟಿಯೊಳಕ್ಕೆ ಕುಸಿದಿತ್ತು! ಅದೇ ಕಾಲಕ್ಕೆ ದೊಡ್ಡ ಹುದ್ದೆಯವರಿಗೆ ಕಂಪನಿಯಿಂದಲೇ ಕಾರು ಕೊಡುವ ರೂಢಿಯೂ ಬೆಳೆಯಿತು.

ಇಪ್ಪತ್ತನೇ ಶತಮಾನ ಮುಗಿಯುವ ವೇಳೆಗೆ ರಸ್ತೆಗಳು ಕಟ್ಟಿಕೊಂಡಿದ್ದವು, ಗಾಳಿ ಕೆಟ್ಟಿತ್ತು. 1996ರಲ್ಲಿ ಬ್ರಿಟಿಷ್ ಸರ್ಕಾರ ರಾಷ್ಟ್ರೀಯ ಸೈಕಲ್ ನೀತಿಯನ್ನು ಪ್ರಕಟಿಸಿತು. 1998ರಲ್ಲಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಸಾರಿಗೆಯ ಬಗ್ಗೆ ಹೊಸ ಶ್ವೇತಪತ್ರ ತಂದರು. ಮರುವರ್ಷ, 1999ರಲ್ಲಿ, ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ ಬಂದ ಹಣಕಾಸು ಕಾಯಿದೆಯಲ್ಲಿ ಒಂದು ಪುಟ್ಟ ವಿನಾಯಿತಿ ಸೇರಿತು. ಉದ್ಯೋಗದಾತರು ನೌಕರರಿಗೆ ಬಳಸಲು ಸೈಕಲ್ಲನ್ನೂ ಹೆಲ್ಮೆಟ್ಟಿನಂಥ ಸುರಕ್ಷಾ ಸಾಮಗ್ರಿಯನ್ನೂ ಕೊಟ್ಟರೆ ಆ ಸವಲತ್ತಿಗೆ ತೆರಿಗೆ ಇಲ್ಲ. ಷರತ್ತು ಎರಡು: ಸೈಕಲ್ಲನ್ನು ಮುಖ್ಯವಾಗಿ ಕೆಲಸಕ್ಕೆ ಹೋಗಿಬರಲು ಬಳಸಬೇಕು, ಯೋಜನೆ ಎಲ್ಲ ನೌಕರರಿಗೂ ತೆರೆದಿರಬೇಕು. ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ತುಳಿದು ಹೋದರೂ ನಡೆಯುತ್ತದೆ. 'ಎಲ್ಲ ನೌಕರರಿಗೂ' ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 600 ಪೌಂಡಿನ ಸೈಕಲ್ ಎಂದುಕೊಳ್ಳಿ. ಅದನ್ನು ಕಂಪನಿಯೇ ಕೊಂಡು ನಿಮಗೆ ಬಾಡಿಗೆಗೆ ಕೊಡುತ್ತದೆ. ನೀವು ಒಂದು ವರ್ಷ ತಿಂಗಳಿಗೆ 50 ಪೌಂಡ್ ಸಂಬಳ ಬಿಟ್ಟುಕೊಡುತ್ತೀರಿ. ಆ 50 ಪೌಂಡು ನಿಮ್ಮ ಸಂಬಳವೇ ಅಲ್ಲವೆಂದಾದ್ದರಿಂದ ಅದರ ಮೇಲೆ ಆದಾಯ ತೆರಿಗೆಯಿಲ್ಲ, ಸಾಮಾಜಿಕ ವಿಮೆಯ ವಂತಿಗೆಯೂ ಇಲ್ಲ. 2025ರ ದರದಂತೆ ಇಂಗ್ಲೆಂಡಿನ ಸಾಧಾರಣ ಸಂಬಳದವರಿಗೆ ಇವೆರಡೂ ಸೇರಿ ನೂರಕ್ಕೆ 28. ಹಾಗಾಗಿ ಅವರಿಗೆ ನಿಜವಾಗಿ ಬೀಳುವ ಖರ್ಚು ತಿಂಗಳಿಗೆ 36 ಪೌಂಡ್. ಮೇಲಿನ ಹಂತದ ತೆರಿಗೆ ಕಟ್ಟುವವರಿಗೆ ಉಳಿತಾಯ ನೂರಕ್ಕೆ 42, ಅವರ ಖರ್ಚು 29 ಪೌಂಡ್. ಗಮನಿಸಿದಿರಾ? ಸೈಕಲ್ ಒಂದೇ, ಅಂಗಡಿಯೂ ಒಂದೇ. ಆದರೆ ಹೆಚ್ಚು ಸಂಬಳದವರಿಗೆ ಅದು ಅಗ್ಗ, ಕಡಿಮೆ ಸಂಬಳದವರಿಗೆ ತುಟ್ಟಿ!

ವರ್ಷ ಮುಗಿದ ಮೇಲೂ ಸೈಕಲ್ ಕಂಪನಿಯದೇ. ಅದನ್ನು ನಿಮ್ಮದಾಗಿಸಿಕೊಳ್ಳಲು ಆಗಿನ ಮಾರುಕಟ್ಟೆ ಬೆಲೆ ಕೊಡಬೇಕು. 2010ರಲ್ಲಿ ತೆರಿಗೆ ಇಲಾಖೆ ಇದಕ್ಕೊಂದು ಪಟ್ಟಿ ಮಾಡಿತು. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಸೈಕಲ್ಲಿಗೆ ಒಂದು ವರ್ಷವಾದ ಮೇಲೆ ಮೂಲ ಬೆಲೆಯ ಶೇಕಡಾ 25, ನಾಲ್ಕು ವರ್ಷವಾದ ಮೇಲೆ ಶೇಕಡಾ 7. ಸಾಲ ಮತ್ತು ಬಾಡಿಗೆಯ ಪರವಾನಗಿ ನಿಯಮದಿಂದಾಗಿ ಬಹುಕಾಲ ಸೈಕಲ್ಲಿನ ಬೆಲೆ 1,000 ಪೌಂಡ್ ಮೀರದಂತೆ ಕಂಪನಿಗಳು ನೋಡಿಕೊಳ್ಳುತ್ತಿದ್ದವು. 2019ರಲ್ಲಿ ಸರ್ಕಾರ ಮಾರ್ಗಸೂಚಿಯನ್ನು ತಿದ್ದಿ, ಅಧಿಕೃತ ಪರವಾನಗಿ ಇರುವ ಸಂಸ್ಥೆಗಳ ಮೂಲಕ ಅದಕ್ಕಿಂತ ದುಬಾರಿ ಸೈಕಲ್ಲನ್ನೂ ಕೊಡಬಹುದೆಂದು ಸ್ಪಷ್ಟಪಡಿಸಿತು. ಬ್ಯಾಟರಿ ಸೈಕಲ್ ಕೊಳ್ಳುವವರಿಗೆ ಅನುಕೂಲವಾಯಿತು. 2017ರಲ್ಲಿ ಸಂಬಳ ಬಿಟ್ಟುಕೊಟ್ಟು ಪಡೆಯುವ ಬಹುಪಾಲು ಸವಲತ್ತುಗಳ ತೆರಿಗೆ ಲಾಭವನ್ನು ಸರ್ಕಾರ ಕಿತ್ತುಕೊಂಡಾಗಲೂ ಸೈಕಲ್ಲನ್ನು ಮುಟ್ಟಲಿಲ್ಲ. ಪಕ್ಕದ ಐರ್ಲೆಂಡ್ 2009ರಲ್ಲಿ ಇಂಥದ್ದೇ ಯೋಜನೆಯನ್ನು ಶುರು ಮಾಡಿತು.

ಇಷ್ಟೆಲ್ಲ ಸರಿ. ಆದರೆ ಆ 'ಎಲ್ಲ ನೌಕರರಿಗೂ' ಎಂಬ ಮಾತು ಏನಾಯಿತು?

1999ರಲ್ಲೇ, ಏಪ್ರಿಲ್ 1ರಂದು, ಬ್ರಿಟನ್ನಿನಲ್ಲಿ ರಾಷ್ಟ್ರೀಯ ಕನಿಷ್ಠ ವೇತನ ಜಾರಿಗೆ ಬಂತು. ಆಗ ವಯಸ್ಕರಿಗೆ ಗಂಟೆಗೆ 3 ಪೌಂಡ್ 60 ಪೆನ್ಸ್. ಅದಕ್ಕಿಂತ ಕೆಳಗೆ ಯಾರ ಸಂಬಳವೂ ಇಳಿಯಕೂಡದು. ಒಳ್ಳೆಯ ಕಾನೂನು. ಆದರೆ ಸಂಬಳ ತ್ಯಾಗ ಮಾಡಿದರೆ ಸಂಬಳ ಇಳಿಯುತ್ತದಲ್ಲ! ಕನಿಷ್ಠ ವೇತನವನ್ನೇ ಪಡೆಯುವವರಿಗೆ ತ್ಯಾಗ ಮಾಡಲು ಕಾನೂನೇ ಬಿಡುವುದಿಲ್ಲ. ಹೀಗಾಗಿ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ದೊಡ್ಡ ಡಾಕ್ಟರಿಗೆ ಈ ಸೈಕಲ್ ಅಗ್ಗವಾಗಿ ಸಿಗುತ್ತದೆ. ಬೆಳಗಿನ ಜಾವ, ಬಸ್ಸು ಹೊರಡುವ ಮೊದಲೇ ಬಂದು ಕನಿಷ್ಠ ಕೂಲಿಗೆ ನೆಲ ಒರೆಸುವವರಿಗೆ ಸಿಗುವುದಿಲ್ಲ. ಸೈಕಲ್ಲಿನ ಅಗತ್ಯ ಯಾರಿಗೆ ಹೆಚ್ಚು, ನೀವೇ ಹೇಳಿ. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತೇವೆ. ಇಲ್ಲಿ ಬೇಲಿ ಹೊಲವನ್ನೇನೂ ಮೇಯಲಿಲ್ಲ, ಯಾರಿಗಾಗಿ ಕಾಯುತ್ತಿತ್ತೋ ಅವರನ್ನೇ ಒಳಗೆ ಬಿಡಲಿಲ್ಲ. 1831ರಿಂದ ಬಂದ 'ದುಡಿದದ್ದು ಕೈಗೇ ಬರಬೇಕು' ಎಂಬ ಕಾಳಜಿಯೂ 1999ರ ಸೈಕಲ್ ಪ್ರೀತಿಯೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಹೀಗೆ.

ನಮ್ಮ ದೇಶಕ್ಕೂ ಇದಕ್ಕೂ ನಂಟಿದೆಯೇ? ಇದೆ. ಬ್ರಿಟಿಷರ ಕಾಲದ 1936ರ ವೇತನ ಪಾವತಿ ಕಾಯಿದೆಯಲ್ಲೂ ಅದೇ ಕಾಳಜಿ ಇತ್ತು. ಕಾರ್ಖಾನೆ ಮತ್ತು ರೈಲ್ವೆ ಕಾರ್ಮಿಕರ ಸಂಬಳ ನಾಣ್ಯ, ನೋಟುಗಳಲ್ಲೇ ಸಿಗಬೇಕು, ಕಾನೂನು ಹೇಳಿದ್ದನ್ನು ಬಿಟ್ಟು ಬೇರೇನೂ ಮುರಿದುಕೊಳ್ಳಬಾರದು. ಆದರೆ ಕೊಟ್ಟ ಮುಂಗಡವನ್ನು ಕಂತಿನಲ್ಲಿ ಹಿಡಿಯಲು ಅದರಲ್ಲಿ ಅವಕಾಶವಿತ್ತು. ಇತ್ತ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಳಹಂತದ ನೌಕರರಿಗೆ 'ಸೈಕಲ್ ಅಡ್ವಾನ್ಸ್' ಸಿಗುತ್ತಿತ್ತು. ನಿಮ್ಮಲ್ಲಿ ಅಂಚೆ ಇಲಾಖೆ, ರೈಲ್ವೆ, ಲೆಕ್ಕಪತ್ರ ಕಚೇರಿಗಳಿಂದ ನಿವೃತ್ತರಾದವರು ಇದ್ದರೆ ಆ ಅರ್ಜಿ ನಮೂನೆ ನೆನಪಾದೀತು. ಮುಂಗಡ ಪಡೆದು ಸೈಕಲ್ ಕೊಂಡರೆ ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುತ್ತಿದ್ದರು. ಚೆನ್ನೈ ಕೇಳುಗರಿಗೆ ಇನ್ನೊಂದು ಮಾತು: ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಹೆಸರಿನ ಸೈಕಲ್ಲುಗಳು ನಿಮ್ಮ ಅಂಬತ್ತೂರಿನಲ್ಲೇ ತಯಾರಾದವು. ಅಲ್ಲಿಯ ಟಿ.ಐ. ಸೈಕಲ್ಸ್ 1949ರಲ್ಲಿ ಬ್ರಿಟನ್ನಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸಹಯೋಗದಲ್ಲಿ ಸ್ಥಾಪನೆಯಾದ ಕಂಪನಿ.

ಎರಡೂ ಏರ್ಪಾಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬ್ರಿಟನ್ನಿನದು ತೆರಿಗೆಯ ರಿಯಾಯಿತಿ, ಹೆಚ್ಚು ತೆರಿಗೆ ಕಟ್ಟುವವರಿಗೆ ಹೆಚ್ಚು ಲಾಭ. ನಮ್ಮದು ಬರಿಯ ಸಾಲ, ರಿಯಾಯಿತಿಯ ಭರಾಟೆ ಇಲ್ಲ, ಮೊತ್ತವೂ ದೊಡ್ಡದಲ್ಲ. ಆದರೆ ಅದು ಸಂಬಳ ಕಡಿಮೆ ಇದ್ದವರನ್ನೇ ಉದ್ದೇಶಿಸಿತ್ತು. ಏಳನೇ ವೇತನ ಆಯೋಗದ ಶಿಫಾರಸಿನ ಮೇರೆಗೆ 2016ರಲ್ಲಿ ಕೇಂದ್ರ ಸರ್ಕಾರ ಹಲವು ಮುಂಗಡಗಳನ್ನು ನಿಲ್ಲಿಸಿದಾಗ ಸೈಕಲ್ ಅಡ್ವಾನ್ಸ್ ಕೂಡ ಸದ್ದಿಲ್ಲದೆ ಹೋಯಿತು.

ಸೈಕಲ್ ಒಳ್ಳೆಯದು, ಯೋಜನೆಯೂ ಒಳ್ಳೆಯದೇ. ಆದರೆ ಇನ್ನು ಮೇಲೆ ನಿಮ್ಮ ಆಫೀಸಿನಲ್ಲಿ ಯಾವುದಾದರೂ ಹೊಸ ಸವಲತ್ತಿನ ಸುತ್ತೋಲೆ ಬಂದರೆ, ನನಗೆಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಗೇಟಿನಲ್ಲಿ ನಿಂತ ವಾಚ್‌ಮನ್ನಿಗೆ, ಚಹಾ ತರುವ ಹುಡುಗನಿಗೆ ಇದು ಸಿಗುತ್ತದೆಯೇ? ಹಾಗೆಯೇ ಮನೆಯ ಹಿರಿಯರನ್ನು ಅವರ ಸೈಕಲ್ ಅಡ್ವಾನ್ಸಿನ ಬಗ್ಗೆ ವಿಚಾರಿಸಿ. ಎಷ್ಟು ಕಂತು, ಯಾವ ಸೈಕಲ್, ಅದರ ಹಿಂದೆ ಮೊದಲು ಕೂತವರು ಯಾರು ಎಂಬುದನ್ನು ಬರೆದು ಕಳಿಸಿದರೆ ನಮಗೂ ಖುಷಿ.